ಹೆಸರಘಟ್ಟದ ಕೆರೆಯಲ್ಲಿ ಮೀನಿನ ಲೆಕ್ಕ

ಹೆಸರಘಟ್ಟ ಕೆರೆಯ ಮೀನುಗಳ ಸಮೀಕ್ಷೆಗೆಂದು ಹಿಂದಿನ ಸಂಜೆ ಬಿಟ್ಟಿದ್ದ ಕಿವಿರು ಬಲೆಗಳನ್ನು ಬೆಳಕು ಹರಿಯುತ್ತಿದ್ದಂತೆ ಹರಿಗೋಲಿನಲ್ಲಿ ಹೋಗಿ ಎತ್ತಿದೆವು. ಬೆಂಗಳೂರಿನ ಕುಡಿಯುವ ನೀರಿಗಾಗಿ 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಈ ಕೆರೆ ವರ್ಷಗಟ್ಟಲೆ ಬತ್ತಿ ಬಯಲಾಗಿತ್ತು. ನೀರು ಬಂದ ಮೇಲೆ ಯಾವ ಮೀನುಗಳು ನೆಲೆಯೂರಿವೆ ಎಂಬುದನ್ನು ತಿಳಿಯಬೇಕಿತ್ತು.

ಕಿವಿರು ಬಲೆ ಎಲ್ಲ ಮೀನನ್ನೂ ಹಿಡಿಯುವುದಿಲ್ಲ. ಬಲೆಯ ಕಣ್ಣಿಗಿಂತ ಸಣ್ಣ ಮೀನು ನುಸುಳಿ ಹೋಗುತ್ತದೆ, ತೀರ ದೊಡ್ಡದರ ತಲೆ ತೂರುವುದೇ ಇಲ್ಲ. ತಲೆ ತೂರಿಸಿ ಕಿವಿರಿನ ಬಳಿ ನೂಲಿಗೆ ಸಿಕ್ಕಿಕೊಂಡದ್ದಷ್ಟೇ ನಮ್ಮ ಪಾಲಿಗೆ ಉಳಿಯುತ್ತದೆ. ಅದಕ್ಕಾಗಿಯೇ ಬೇರೆ ಬೇರೆ ಕಣ್ಣಿನ ಬಲೆಗಳನ್ನು ಸಾಲಾಗಿ ಕಟ್ಟಿ, ಒಂದೊಂದರ ಮೀನನ್ನೂ ಪ್ರತ್ಯೇಕ ಬುಟ್ಟಿಗೆ ಹಾಕಿದೆವು.

ಹೆಚ್ಚಾಗಿ ಬಂದದ್ದು ಜಿಲೇಬಿ, ಅಂದರೆ 1952ರಲ್ಲಿ ಭಾರತಕ್ಕೆ ತಂದ ಮೊಜಾಂಬಿಕ್ ತಿಲಾಪಿಯಾ. ಅಳತೆಯ ಹಲಗೆಯ ಮೇಲೆ ಮಲಗಿಸಿದ ಒಂದು ಹೆಣ್ಣು ಬಾಯಿ ತೆರೆದಾಗ ಸಾಸಿವೆಗಿಂತ ದಪ್ಪನೆಯ ಹಳದಿ ಮೊಟ್ಟೆಗಳು ಜಾರಿ ಬಿದ್ದವು. ಮೊಟ್ಟೆ, ಮರಿಗಳನ್ನು ಬಾಯಲ್ಲೇ ಇಟ್ಟು ಕಾಯುವ ಈ ಮೀನು ಹೊಸ ನೀರಿನಲ್ಲಿ ಇಷ್ಟು ಬೇಗ ತಳವೂರುವುದಕ್ಕೆ ಅದೂ ಒಂದು ಕಾರಣ.

ಪ್ರತಿಯೊಂದರ ಉದ್ದವನ್ನೂ ಮಿಲಿಮೀಟರಿನವರೆಗೆ ಬರೆದುಕೊಂಡೆವು. ಚಳಿನಾಡಿನಲ್ಲಿ ಹುರುಪೆಯ ಉಂಗುರಗಳನ್ನು ಎಣಿಸಿ ಮೀನಿನ ವಯಸ್ಸು ಹೇಳಬಹುದು. ಕಡು ಚಳಿಗಾಲವಿಲ್ಲದ ನಮ್ಮ ನೀರಿನಲ್ಲಿ ಬೆಳವಣಿಗೆ ಅಷ್ಟಾಗಿ ನಿಲ್ಲುವುದಿಲ್ಲವಾದ್ದರಿಂದ ಉಂಗುರಗಳು ಸ್ಪಷ್ಟವಾಗಿ ಮೂಡುವುದಿಲ್ಲ. ಹೀಗಾಗಿ ನೂರಾರು ಮೀನುಗಳ ಉದ್ದವನ್ನು ತಿಂಗಳು ತಿಂಗಳೂ ಹೋಲಿಸಿ ಪೀಳಿಗೆಗಳನ್ನು ಗುರುತಿಸಬೇಕಾಗುತ್ತದೆ. ಬೇಸರ ತರಿಸುವ ಕೆಲಸವೆಂದು ಕೆಲವರಿಗೆ ಅನ್ನಿಸಬಹುದು, ನನಗೆ ಮಾತ್ರ ಸಮೀಕ್ಷೆಯ ಜೀವಾಳವೇ ಅದು.

ಪಟ್ಟಿಯಲ್ಲಿ ಕೊರವ ಮೀನಿನ ಸಾಲು ಖಾಲಿ ಇತ್ತು. ಹರಿಗೋಲು ಹಾಕುತ್ತಿದ್ದ ಯಜಮಾನರು ಅದನ್ನು ಕೇಳಿ, "ಇಲ್ಲ ಅಂತ ಬರೀಬೇಡಿ ಮೇಡಂ. ಜೊಂಡಿನೊಳಗೆ ಕೂತಿರುತ್ತೆ, ಬಲೆ ಇರೋ ಕಡೆ ಬರಲ್ಲ" ಎಂದರು. ಅವರ ಮಾತು ಸರಿಯಾಗಿತ್ತು: ಕೊರವ ನೀರಿನ ಮೇಲೆ ಬಂದು ಗಾಳಿಯನ್ನೂ ಉಸಿರಾಡಬಲ್ಲದು, ಆದ್ದರಿಂದ ಆಮ್ಲಜನಕ ಕಡಿಮೆಯಿರುವ ಗಿಡಗಂಟಿಯ ನಡುವೆಯೂ ಬದುಕುತ್ತದೆ. ಬಲೆ ಬಿಡಲಾಗದ ಆ ಜಾಗದಲ್ಲಿ ಅವರು ಗಾಳ ಹಾಕಿದರು, ಮಧ್ಯಾಹ್ನದೊಳಗೆ ಒಂದು ಕೊರವ ಸಿಕ್ಕಿತು. ಉದ್ದ ಬರೆದು, ಸಲಕರಣೆಯ ಅಂಕಣದಲ್ಲಿ ಗಾಳ ಎಂದು ಸೇರಿಸಿ, ಮುಂದಿನ ತಿಂಗಳಿನಿಂದ ಜೊಂಡಿನ ಅಂಚಿನಲ್ಲೂ ಗಾಳ ಹಾಕುವಂತೆ ಅವರೊಂದಿಗೆ ಮಾತಾಡಿಕೊಂಡೆ.