ಡೆಮಿಂಗ್ ಮತ್ತು ಕೆಂಪು ಮಣಿಗಳ ಲೆಕ್ಕ

ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ವಲಯದಲ್ಲಿ ದುಡಿಯುವ ನಮ್ಮಂಥ ಗಡಿನಾಡ ಕನ್ನಡಿಗರಲ್ಲಿ ಅನೇಕರಿಗೆ ಗುಣಮಟ್ಟ ನಿಯಂತ್ರಣವನ್ನು ಬೋಧಿಸಿದ ಸಂಖ್ಯಾಶಾಸ್ತ್ರಜ್ಞ ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ ಅವರು ಪರಿಚಯವಾದದ್ದು ಅವರ ಹೆಸರಿನಲ್ಲಿ ಜಪಾನ್ ಗುಣಮಟ್ಟಕ್ಕಾಗಿ ಕೊಡುವ ಡೆಮಿಂಗ್ ಪ್ರಶಸ್ತಿಯ ಮೂಲಕ. ಇಲ್ಲಿಯ ಟಿವಿಎಸ್ ಮೋಟಾರ್ ಕಂಪನಿಗೆ 2002ರಲ್ಲಿ ಆ ಪ್ರಶಸ್ತಿ ಬಂದಿತು. ಆ ಹೆಸರನ್ನು ಗೌರವದಿಂದ ನೆನೆಯುವ ನಾವು ಅದರ ಹಿಂದಿದ್ದ ಮನುಷ್ಯನ ಮಾತನ್ನು ಅರ್ಧ ಮಾತ್ರ ಕೇಳಿಸಿಕೊಂಡಿದ್ದೇವೆ ಎಂಬುದು ನನ್ನ ಅಭಿಪ್ರಾಯ.

1900ರಲ್ಲಿ ಅಮೆರಿಕದ ಐಯೋವಾದಲ್ಲಿ ಜನಿಸಿದ ಡೆಮಿಂಗ್, ಯೇಲ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು, ಕೃಷಿ ಇಲಾಖೆಯಲ್ಲೂ ಜನಗಣತಿ ಕಚೇರಿಯಲ್ಲೂ ಕೆಲಸ ಮಾಡಿದರು. 1924ರಲ್ಲಿ ಕಂಟ್ರೋಲ್ ಚಾರ್ಟ್ (ಉತ್ಪಾದನೆಯ ಅಳತೆಗಳ ಏರುಪೇರು ಸಹಜ ಮಿತಿಯೊಳಗಿದೆಯೇ ಎಂದು ತೋರಿಸುವ ನಕ್ಷೆ) ರೂಪಿಸಿದ ವಾಲ್ಟರ್ ಶೂಹಾರ್ಟ್ ಅವರಿಂದ ಡೆಮಿಂಗ್ ಕಲಿತದ್ದು ಇಷ್ಟು: ಉತ್ಪಾದನೆಯ ಏರುಪೇರುಗಳಲ್ಲಿ ಕೆಲವಕ್ಕೆ ಗುರುತಿಸಬಹುದಾದ ವಿಶೇಷ ಕಾರಣವಿರುತ್ತದೆ, ಉಳಿದವು ವ್ಯವಸ್ಥೆಯೊಳಗೇ ಬೆರೆತಿರುತ್ತವೆ. 1950ರಲ್ಲಿ ಜಪಾನಿನ ವಿಜ್ಞಾನಿಗಳ ಮತ್ತು ಎಂಜಿನಿಯರುಗಳ ಒಕ್ಕೂಟದ ಆಹ್ವಾನದ ಮೇರೆಗೆ ಅವರು ಇದನ್ನೇ ಅಲ್ಲಿ ಬೋಧಿಸಿದರು. ಆ ಉಪನ್ಯಾಸಗಳ ಮುದ್ರಿತ ಪ್ರತಿಗಳ ಗೌರವಧನವನ್ನು ಅವರು ಬಿಟ್ಟುಕೊಟ್ಟದ್ದರಿಂದ, ಮರುವರ್ಷ ಅದೇ ಹಣದಿಂದ ಪ್ರಶಸ್ತಿ ಆರಂಭವಾಯಿತು. ಅವರ ಸ್ವದೇಶ ಅವರನ್ನು ಗಂಭೀರವಾಗಿ ಗಮನಿಸಿದ್ದು 1980ರ ಒಂದು ಟಿ.ವಿ. ಕಾರ್ಯಕ್ರಮದ ನಂತರ, ಅದೂ ಎಂಬತ್ತರ ಹೊಸ್ತಿಲಲ್ಲಿ.

ಅವರು ತಮ್ಮ ಸೆಮಿನಾರುಗಳಲ್ಲಿ ಆಡಿಸುತ್ತಿದ್ದ ಮಣಿಗಳ ಆಟ ನನಗೆ ಅವರ ಬರಹಗಳಿಗಿಂತ ಹೆಚ್ಚು ಹಿಡಿಸುತ್ತದೆ. ಪಾತ್ರೆಯಲ್ಲಿರುವ ಬಿಳಿ ಮತ್ತು ಕೆಂಪು ಮಣಿಗಳಲ್ಲಿ ಐದಕ್ಕೊಂದು ಕೆಂಪು. ಐವತ್ತು ಕುಳಿಗಳಿರುವ ಹಲಗೆಯನ್ನು ಅದರೊಳಗೆ ಅದ್ದಿ, ಬಿಳಿ ಮಣಿಗಳನ್ನಷ್ಟೇ ಎತ್ತುವುದು ‘ಕಾರ್ಮಿಕ’ನ ಕೆಲಸ. ಎಷ್ಟೇ ಶ್ರದ್ಧೆಯಿಂದ ಅದ್ದಿದರೂ ಒಬ್ಬನಿಗೆ ಏಳು, ಇನ್ನೊಬ್ಬನಿಗೆ ಹದಿಮೂರು, ಹೀಗೆ ಕೆಂಪು ಮಣಿಗಳು ಬಂದೇ ಬರುತ್ತವೆ. ಮೇಲ್ವಿಚಾರಕನ ವೇಷದ ಡೆಮಿಂಗ್ ಮೊದಲನೆಯವನನ್ನು ಹೊಗಳಿ, ಎರಡನೆಯವನನ್ನು ಗದರಿಸುತ್ತಿದ್ದರು. ಮುಂದಿನ ಸುತ್ತಿನಲ್ಲಿ ಹೊಗಳಿಸಿಕೊಂಡವನೇ ಹಿಂದೆ ಬೀಳಬಹುದು. ಮಣಿಗಳ ಮಿಶ್ರಣವನ್ನು ಬದಲಿಸುವ ಅಧಿಕಾರ ಅವರಿಬ್ಬರಲ್ಲಿ ಯಾರಿಗೂ ಇಲ್ಲವಷ್ಟೆ.

ನಾನು ಕಂಡ ಒಂದು ಬಿಡಿಭಾಗಗಳ ಘಟಕದಲ್ಲಿ ಕಂಟ್ರೋಲ್ ಚಾರ್ಟುಗಳು ಅಚ್ಚುಕಟ್ಟಾಗಿ ಭರ್ತಿಯಾಗುತ್ತಿದ್ದವು. ಆದರೆ ಸವೆದ ಡೈ (ಲೋಹಕ್ಕೆ ಆಕಾರ ಕೊಡುವ ಅಚ್ಚು) ಬದಲಿಸಲು ಮಂಜೂರಾತಿ ಬರುವವರೆಗೂ ರಿಜೆಕ್ಷನ್ (ತಿರಸ್ಕೃತ ಭಾಗಗಳ) ಪಟ್ಟಿಯಲ್ಲಿ ಕಾಣುತ್ತಿದ್ದದ್ದು ಶಿಫ್ಟಿನ ಆಪರೇಟರ್ ಹೆಸರು. ಅದರ ಪಕ್ಕದಲ್ಲೇ ‘ಶೂನ್ಯ ದೋಷ ನಮ್ಮ ಗುರಿ’ ಎಂಬ ಫಲಕ (ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಇತ್ತು, ಕನ್ನಡದಲ್ಲಿ ಇರಲಿಲ್ಲ). ಡೆಮಿಂಗ್ ಅವರು ಆಡಳಿತ ವರ್ಗಕ್ಕೆ ಕೊಟ್ಟ ಹದಿನಾಲ್ಕು ಸೂತ್ರಗಳಲ್ಲಿ ಹತ್ತನೆಯದು, ಕಾರ್ಮಿಕರಿಗೆ ಶೂನ್ಯ ದೋಷ ಸಾಧಿಸಿರೆಂದು ಕರೆಕೊಡುವ ಇಂಥ ಘೋಷಣೆಗಳನ್ನೇ ಕೈಬಿಡಿ ಎನ್ನುತ್ತದೆ. ಏಕೆಂದರೆ ಕಳಪೆ ಗುಣಮಟ್ಟದ ಕಾರಣಗಳಲ್ಲಿ ಬಹುಪಾಲು ವ್ಯವಸ್ಥೆಯವು, ಅವನ್ನು ತಿದ್ದುವುದು ಕಾರ್ಮಿಕರ ಕೈಯಲ್ಲಿಲ್ಲ.