ನಮ್ಮ ಓವನ್ನಿನ 180 ಡಿಗ್ರಿ

ಚಿಕ್ಕಮಗಳೂರಿನ ಸುತ್ತಲಿನ ತೋಟಗಳಲ್ಲಿ ಕಾಫಿ ಹೂವಿಗಾಗಿ ಸ್ಪ್ರಿಂಕ್ಲರ್ ಹಾರಿಸುವ ಫೆಬ್ರವರಿಯ ಕೊನೆಯ ವಾರದಲ್ಲಿ ನಮ್ಮ ಮನೆಯ ಒಟಿಜಿ, ಅಂದರೆ ಕೇಕು ಬೇಯಿಸುವ ಕರೆಂಟಿನ ಓವನ್, ಕೈಕೊಟ್ಟಿತು. ಏಳೆಂಟು ವರ್ಷಗಳಿಂದ ಅದೇ ಅಳತೆಯಲ್ಲಿ, ಅದೇ ಡಬ್ಬಿಯಲ್ಲಿ, 180 ಡಿಗ್ರಿಯಲ್ಲಿ 40 ನಿಮಿಷ ಇಟ್ಟು ಮಾಡುತ್ತಿದ್ದ ಏಲಕ್ಕಿ ಬಾಳೆಹಣ್ಣಿನ ಕೇಕು ಆ ದಿನ ಮೇಲೆ ಬಿಳಚಿಕೊಂಡು, ನಡುವೆ ಕಡ್ಡಿ ಚುಚ್ಚಿದರೆ ಹಸಿ ಹಿಟ್ಟು ಮೆತ್ತಿಕೊಳ್ಳುವ ಸ್ಥಿತಿಯಲ್ಲಿತ್ತು. ಇನ್ನೂ 20 ನಿಮಿಷ ಇಟ್ಟೆ. ಆಗ ಒಳಗೆ ಬೆಂದಿತಾದರೂ ಅಂಚುಗಳು ರಸ್ಕಿನಂತೆ ಒಣಗಿಹೋದವು.

ಬಂದು ನೋಡಿದ ಎಲೆಕ್ಟ್ರಿಷಿಯನ್ ಹುಡುಗ, ನಾಬನ್ನು ಎರಡು ಸಲ ತಿರುಗಿಸಿ, "ಅಕ್ಕಾ, ಥರ್ಮೋಸ್ಟಾಟ್ ಹೋಗಿದೆ, ಹೊಸದು ಹಾಕಿಬಿಡೋಣ" ಎಂದ. ಬೇಕಾದಷ್ಟು ಕಾದೊಡನೆ ಕರೆಂಟು ಕಡಿದು, ತಣಿದಾಗ ಮತ್ತೆ ಕೊಡುವ ಸ್ವಿಚ್ಚೇ ಥರ್ಮೋಸ್ಟಾಟ್. ಅವನ ಮಾತು ಪೂರ್ತಿ ತಪ್ಪೆಂದು ಹೇಳಲಾರೆ, ಆದರೆ ಅಳೆದು ನೋಡದೆ ಹೇಳಿದ ಮಾತು ಎಂಬುದಂತೂ ನಿಜ. ಓವನ್ ಸರಿಯಾಗಿ ಕಾಯುತ್ತಿಲ್ಲ ಎಂದು ನಾವು ಹೇಳುವಾಗ ಎರಡು ಬೇರೆ ಬೇರೆ ದೂರುಗಳನ್ನು ಒಂದೇ ವಾಕ್ಯದಲ್ಲಿ ಕಟ್ಟಿಬಿಡುತ್ತೇವೆ. ಕಾಯಲು ತುಂಬ ಹೊತ್ತು ಹಿಡಿಯುವುದು ಒಂದು. ಕಾದ ಮೇಲೂ ನಾಬು ತೋರಿಸುವ ಡಿಗ್ರಿಗೂ ಒಳಗಿನ ಬಿಸಿಗೂ ಹೊಂದಾಣಿಕೆ ಇಲ್ಲದಿರುವುದು ಇನ್ನೊಂದು. ಮೊದಲನೆಯದಕ್ಕೆ ಸಾಮಾನ್ಯವಾಗಿ ಕರೆಂಟು ಅಥವಾ ಓವನ್ ಕಾಯಿಸುವ ರಾಡು ಸುಟ್ಟುಹೋಗಿರುವುದು ಕಾರಣ. ಎರಡನೆಯದಕ್ಕೆ ಥರ್ಮೋಸ್ಟಾಟ್ ಅಥವಾ ಅದು ಬಿಸಿಯನ್ನು ಗ್ರಹಿಸುವ ಜಾಗ ಕಾರಣ. ನನ್ನ ಓವನ್ನಿಗೆ ಆ ವಾರ ಎರಡೂ ಒಟ್ಟಿಗೆ ಬಂದಿದ್ದವು ಎಂಬುದು ಆಮೇಲೆ ತಿಳಿಯಿತು.

ಕರೆಂಟಿನಿಂದ ಪ್ರಾರಂಭಿಸಿದೆ. ನಮ್ಮದು 2,000 ವ್ಯಾಟಿನ, ಮೇಲೆ ಎರಡು ಮತ್ತು ಕೆಳಗೆ ಎರಡು ರಾಡುಗಳಿರುವ ದೊಡ್ಡ ಒಟಿಜಿ. ಈ 2,000 ವ್ಯಾಟ್ ಎಂಬ ಲೆಕ್ಕ 230 ವೋಲ್ಟ್ ಬಂದಾಗ ಮಾತ್ರ ನಿಜ. ರಾಡು ಕೊಡುವ ಶಾಖ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, ವೋಲ್ಟೇಜು ಸ್ವಲ್ಪ ಇಳಿದರೂ ಶಾಖ ಬಹಳವೇ ಇಳಿಯುತ್ತದೆ. ಸಂಜೆ ಏಳು ಗಂಟೆಗೆ ವೋಲ್ಟೇಜು ಅಳೆಯುವ ಮಲ್ಟಿಮೀಟರ್ ಹಿಡಿದು ನೋಡಿದಾಗ ಓವನ್ ಹಾಕುವ ಮೊದಲು 205 ವೋಲ್ಟ್ ಇತ್ತು; ಹಾಕಿದ ಮೇಲೆ 188ಕ್ಕೆ ಬಿತ್ತು. 188 ವೋಲ್ಟಿನಲ್ಲಿ ನನ್ನ 2,000 ವ್ಯಾಟಿನ ಓವನ್ ಕೊಡುವುದು ಸುಮಾರು 1,340 ವ್ಯಾಟ್ ಮಾತ್ರ, ಅಂದರೆ ಮೂರರಲ್ಲಿ ಎರಡು ಪಾಲು.

ತೋಟದ ಪಂಪುಸೆಟ್ಟುಗಳು ಓಡುವ ಕಾಲದಲ್ಲಿ ನಮ್ಮ ಕಡೆ ವೋಲ್ಟೇಜು ಇಳಿಯುವುದು ಹೊಸ ವಿಷಯವಲ್ಲ, ಅದಕ್ಕೆ ನಾನು ಮಾಡಬಹುದಾದದ್ದೂ ಇಲ್ಲ. ಆದರೆ ಓವನ್ ಹಾಕಿದೊಡನೆ 17 ವೋಲ್ಟ್ ಬೀಳುವುದು ಮಾತ್ರ ಮನೆಯೊಳಗಿನ ದೋಷ. ಅಡುಗೆಮನೆಗೆ ಬಣ್ಣ ಹೊಡೆಸುವಾಗ ಓವನ್ನನ್ನು ಕಿಟಕಿಯ ಪಕ್ಕಕ್ಕೆ ಸರಿಸಿ, ವಯರು ಸಾಲದೆ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದ್ದೆವು, ಹಾಗೆಯೇ ಉಳಿದುಬಿಟ್ಟಿತ್ತು. ಅದರ ಪ್ಲಗ್ಗನ್ನು ಮುಟ್ಟಿದರೆ ಬೆರಳು ಹಿಂದೆಗೆಯುವಷ್ಟು ಬಿಸಿ. ಸುಮಾರು 8 ಆಂಪಿಯರ್ ಎಳೆಯುವ ಉಪಕರಣವನ್ನು ಇಂಥ ತೆಳು ವಯರಿಗೆ ಹಾಕಿದ್ದು ನನ್ನದೇ ಅವಿವೇಕ. ಬೆಂಕಿ ಹತ್ತದೆ ಇದ್ದದ್ದು ಪುಣ್ಯ. ನೇರವಾಗಿ 16 ಆಂಪಿಯರ್ ಸಾಕೆಟ್ಟಿಗೆ ಹಾಕಿದಾಗ, ಓವನ್ ಓಡುತ್ತಿರುವಾಗಲೂ 198 ವೋಲ್ಟ್ ಸಿಕ್ಕಿತು. ಟಿವಿಗೆಂದು ತಂದ ಸಣ್ಣ ಸ್ಟೆಬಿಲೈಸರಿಗೆ ಓವನ್ ಹಾಕಿ ನೋಡೋಣವೇ ಎಂದು ಮನೆಯವರು ಕೇಳಿದರು. ಅದು ಈ ಭಾರ ಹೊರುವ ಯಂತ್ರವಲ್ಲ, ಬೇಡವೆಂದೆ.

ಇಷ್ಟಾದರೂ ಕೇಕಿನ ಸಮಸ್ಯೆ ಮುಗಿಯಲಿಲ್ಲ. ವೋಲ್ಟೇಜು ಕಡಿಮೆಯಾದರೆ ಓವನ್ ನಿಧಾನವಾಗಿ ಕಾಯಬೇಕೇ ಹೊರತು 180ಕ್ಕೆ ಏರುವ ಮೊದಲೇ ಥರ್ಮೋಸ್ಟಾಟ್ ಟಕ್ ಎಂದು ಆರಬಾರದು. ನಮ್ಮದು ಆರುತ್ತಿತ್ತು. ಹಾಗಾದರೆ ಒಳಗಿನ ಬಿಸಿ ನಿಜಕ್ಕೂ ಎಷ್ಟು ಎಂದು ಅಳೆಯಲೇಬೇಕಾಯಿತು.

ಮಲ್ಟಿಮೀಟರಿನ ಜೊತೆ ಬಂದಿದ್ದ ಬಿಸಿ ಅಳೆಯುವ ವಯರನ್ನು ಹೊರತೆಗೆದು, ಮೊದಲು ಅದನ್ನೇ ಪರೀಕ್ಷಿಸೋಣವೆಂದು ಕುದಿಯುವ ನೀರಿಗೆ ಇಳಿಬಿಟ್ಟೆ. 96 ತೋರಿಸಿತು. ನೀರು ಕುದಿಯುವುದು 100ಕ್ಕೆ ಎಂದು ಶಾಲೆಯಲ್ಲಿ ಕಲಿತಿದ್ದರಿಂದ ವಯರೇ ಕೆಟ್ಟಿದೆ ಎಂದುಕೊಂಡು ಎತ್ತಿಡುವುದರಲ್ಲಿದ್ದೆ. ಆಗ ಹೊಳೆಯಿತು: ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ. ಹೆಚ್ಚುಕಡಿಮೆ ಪ್ರತಿ 300 ಮೀಟರಿಗೆ ಕುದಿಯುವ ಬಿಂದು ಒಂದು ಡಿಗ್ರಿ ಇಳಿಯುವುದರಿಂದ ಇಲ್ಲಿ ನೀರು 96ರ ಆಸುಪಾಸಿನಲ್ಲೇ ಕುದಿಯಬೇಕು. ವಯರು ಸರಿಯಾಗಿಯೇ ಇತ್ತು. (ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸಿದರೆ ನಮಗೆ ಹೆಚ್ಚು ಹೊತ್ತು ಹಿಡಿಯುವುದಕ್ಕೆ ಇದೇ ಕಾರಣ.)

ವಯರಿನ ತುದಿ ಗೋಡೆಗೂ ತಂತಿಯ ಜಾಲರಿಗೂ ತಾಗದಂತೆ ಓವನ್ನಿನ ನಟ್ಟನಡುವೆ ನಿಲ್ಲಿಸಿ, ನಾಬನ್ನು 180ಕ್ಕೆ ಇಟ್ಟು, ಬಾಗಿಲು ತೆಗೆಯದೆ ಮುಕ್ಕಾಲು ಗಂಟೆ ಕುಳಿತು ಬರೆದುಕೊಂಡೆ. ಮೊದಲ ಸಲ ಆರಿದಾಗ ಕಂಡ ಅಂಕಿಯನ್ನು ನಂಬಬಾರದು. ಗೋಡೆಗಳು ಇನ್ನೂ ಕಾದಿರುವುದಿಲ್ಲ. ಮೂರು ನಾಲ್ಕು ಸಲ ಆರಿ ಹತ್ತಿದ ಮೇಲಿನ ಅಂಕಿಗಳು ಮುಖ್ಯ. ನಮ್ಮ ಓವನ್ 154ಕ್ಕೆ ಆರುತ್ತಿತ್ತು, 136ಕ್ಕೆ ಮತ್ತೆ ಹತ್ತುತ್ತಿತ್ತು. ಹೀಗೆ ಏರಿಳಿಯುವುದು ದೋಷವಲ್ಲ, ಮನೆಬಳಕೆಯ ಥರ್ಮೋಸ್ಟಾಟಿನ ಸ್ವಭಾವವೇ ಅದು. ಆದರೆ ಸರಾಸರಿ 145 ಬಂದದ್ದು ದೋಷ. ಕೇಕು ಬಿಳಚಿಕೊಂಡದ್ದರಲ್ಲಿ ಆಶ್ಚರ್ಯವೇನಿದೆ?

ಪ್ಲಗ್ ಕಿತ್ತು, ಪೂರ್ತಿ ತಣ್ಣಗಾದ ಮೇಲೆ ಟಾರ್ಚು ಬಿಟ್ಟು ಒಳಗೆ ನೋಡಿದೆ. ಸಣ್ಣ ಒಟಿಜಿಗಳಲ್ಲಿ ನಾಬಿನ ಹಿಂದೆಯೇ ಎರಡು ಲೋಹಗಳನ್ನು ಬೆಸೆದ ಪಟ್ಟಿಯೊಂದು ಇರುತ್ತದೆ, ಬಿಸಿಗೆ ಅದು ಬಾಗಿ ಕರೆಂಟು ಕಡಿಯುತ್ತದೆ. ನಮ್ಮದರಂಥ ದೊಡ್ಡದರಲ್ಲಿ ನಾಬಿನ ಹಿಂದಿನಿಂದ ಸಣಬಿನ ದಾರದಷ್ಟು ದಪ್ಪದ ತಾಮ್ರದ ನಳಿಕೆಯೊಂದು ಒಳಗೆ ಬಂದು, ಪೆನ್ಸಿಲಿನಂಥ ಕೊಳವೆಯಲ್ಲಿ ಕೊನೆಗೊಳ್ಳುತ್ತದೆ. ಅದರೊಳಗಿನ ದ್ರವ ಬಿಸಿಗೆ ಹಿಗ್ಗಿ, ಆ ಕಡೆ ಒಂದು ತೆಳು ಬಿಲ್ಲೆಯನ್ನು ತಳ್ಳಿ, ಸ್ವಿಚ್ಚನ್ನು ಆರಿಸುತ್ತದೆ. ಈ ಕೊಳವೆ ಬಲಗೋಡೆಯ ಮಧ್ಯದಲ್ಲಿ ಎರಡು ಕ್ಲಿಪ್ಪುಗಳ ಆಧಾರದಲ್ಲಿ ಅಡ್ಡಲಾಗಿ ನಿಂತಿರಬೇಕು. ನಮ್ಮಲ್ಲಿ ಹಿಂದಿನ ಕ್ಲಿಪ್ಪಿನಿಂದ ಕಳಚಿ, ಅದರ ತುದಿ ಕೆಳಗಿನ ರಾಡಿಗೆ ಎರಡು ಬೆರಳಿನಷ್ಟು ಹತ್ತಿರಕ್ಕೆ ಜೋತುಬಿದ್ದಿತ್ತು. ಸಂಕ್ರಾಂತಿಗೆ ಮುಂಚೆ ಗೋಡೆಯ ಜಿಡ್ಡನ್ನು ಸ್ಟೀಲ್ ನಾರಿನಿಂದ ಉಜ್ಜಿದವಳು ನಾನೇ. ರಾಡಿನ ನೇರ ಕಾವು ತಾಗಿದ ಕೊಳವೆ, ಇಡೀ ಓವನ್ನೇ ಕಾದಿದೆ ಎಂದು ಭಾವಿಸಿ ಬೇಗ ಆರಿಸುತ್ತಿತ್ತು. ಅದರ ಮಟ್ಟಿಗೆ ಅದು ಸತ್ಯವನ್ನೇ ಹೇಳುತ್ತಿತ್ತು.

ನಳಿಕೆಯನ್ನು ಮಡಚದೆ, ಮೆಲ್ಲಗೆ ಎತ್ತಿ ಕ್ಲಿಪ್ಪಿಗೆ ಸೇರಿಸಿದೆ. ಇಲ್ಲಿ ಆತುರ ಸಲ್ಲದು. ನಳಿಕೆ ಸೀಳಿ ದ್ರವ ಸೋರಿಹೋದರೆ ಸ್ವಿಚ್ಚು ಆರುವುದೇ ಇಲ್ಲ. ರಾಡು ಕೆಂಪಗೆ ಉರಿಯುತ್ತಲೇ ಇರುತ್ತದೆ. ನಾಬನ್ನು ಎಷ್ಟೇ ಇಳಿಸಿದರೂ ಆರದ ಓವನ್ನನ್ನು ಮಾತ್ರ ಒಂದು ದಿನವೂ ಬಳಸದೆ, ಥರ್ಮೋಸ್ಟಾಟ್ ಬದಲಾಯಿಸಿಕೊಳ್ಳಬೇಕು.

ಮತ್ತೆ ಅಳೆದಾಗ 184ಕ್ಕೆ ಆರಿ 162ಕ್ಕೆ ಹತ್ತಿತು. ಮೀಟರ್ ಇಲ್ಲದವರಿಗೆ ಸಕ್ಕರೆಯ ಪರೀಕ್ಷೆಯಿದೆ. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಗೆ. ಒಂದು ಚಮಚವನ್ನು ಅಲ್ಯೂಮಿನಿಯಂ ಹಾಳೆಯ ಮೇಲೆ ಹರಡಿ ಕಾದ ಓವನ್ನಿನಲ್ಲಿ ಕಾಲು ಗಂಟೆ ಇಟ್ಟರೆ, 175ರಲ್ಲಿ ಹರಳು ಹರಳಾಗಿಯೇ ಇರಬೇಕು, 200ರಲ್ಲಿ ಪಾಕವಾಗಬೇಕು. ನಮ್ಮಲ್ಲಿ 180ರ ಗುರುತಿಗೆ ಕರಗಲಿಲ್ಲ, 200ಕ್ಕೆ ಕರಗಿತು. ಒರಟು ಪರೀಕ್ಷೆಯೇ, ಆದರೆ 35 ಡಿಗ್ರಿಯಷ್ಟು ದೊಡ್ಡ ತಪ್ಪನ್ನು ಖಂಡಿತ ಹಿಡಿದುಕೊಡುತ್ತದೆ.

ಮಳೆಗಾಲದ ತೊಂದರೆ ಬೇರೆಯದು. ರಾಡಿನ ಒಳಗೆ ತಂತಿಯ ಸುತ್ತ ತುಂಬಿರುವ ಬಿಳಿ ಪುಡಿ ಮಲೆನಾಡಿನ ಥಂಡಿಯನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ಬಳಸದ ಓವನ್ನನ್ನು ಜುಲೈಯಲ್ಲಿ ಹಾಕಿದರೆ ಮನೆಯ ಟ್ರಿಪ್ ಸ್ವಿಚ್ಚು ಬೀಳುವುದುಂಟು. ಹಾಗಾಗಬಾರದೆಂದು ಮಳೆಗಾಲದಲ್ಲಿ ವಾರಕ್ಕೊಮ್ಮೆ ಖಾಲಿ ಓವನ್ನನ್ನೇ ಹತ್ತು ನಿಮಿಷ ಬಿಸಿ ಮಾಡುತ್ತೇನೆ.

ಈಗ ನಾಬಿನ ಪಕ್ಕ ಬಿಳಿ ಟೇಪಿನ ತುಂಡೊಂದು ಅಂಟಿದೆ. ಕಂಪನಿ ಮುದ್ರಿಸಿದ 180ಕ್ಕಿಂತ ಒಂದು ಭತ್ತದ ಕಾಳಿನಷ್ಟು ಮುಂದೆ ಗೆರೆ ಎಳೆದು "ಕೇಕು" ಎಂದು ಬರೆದಿದ್ದೇನೆ. ಅದರ ಕೆಳಗೆ, ಪಂಪುಗಳು ಓಡುವ ತಿಂಗಳುಗಳಿಗೆಂದು, "ಸಂಜೆಯಾದರೆ ಅರ್ಧ ಗಂಟೆ ಮೊದಲೇ ಹಾಕು" ಎಂದೂ ಇದೆ.