ನಾವು ಅಂದ್ರೆ ಯಾರು?

2025ರ ಏಪ್ರಿಲ್ 24, ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ನನ್ನ ಆಟ ಶುರುವಾಯಿತು. ಸಂಜೆ ಏಳಕ್ಕೆ ಪಕ್ಕದ ಮನೆ ಅಜ್ಜನದು. ಎರಡರಲ್ಲಿ ಒಂದರಲ್ಲಿ ಮಾತ್ರ ಚೆಂಡು ಇತ್ತು.

ನನ್ನದು ಆರ್‌ಸಿಬಿ ಮತ್ತು ರಾಜಸ್ಥಾನ. ವಿಸ್ಕಾನ್ಸಿನ್‌ನ ಆಪಲ್ಟನ್‌ನಲ್ಲಿ ಕೂತು ಐಪಿಎಲ್ ನೋಡುವುದೆಂದರೆ ಆಫೀಸಿನಲ್ಲಿ ಮೊಬೈಲನ್ನು ಕಾಫಿ ಲೋಟಕ್ಕೆ ಒರಗಿಸಿ ಕದ್ದು ನೋಡುವುದು. ಆ ಸಲ ಚಿನ್ನಸ್ವಾಮಿಯಲ್ಲಿ ಆಡಿದ ಮೂರನ್ನೂ ಸೋತಿದ್ದೆವು. ಆವತ್ತೂ ಕೊನೆಯ ಎರಡು ಓವರಿಗೆ ಅವರಿಗೆ ಬೇಕಿದ್ದದ್ದು ಬರೀ 18. ಹೇಜಲ್‌ವುಡ್ ಬಂದು ಒಂದೇ ರನ್ ಕೊಟ್ಟು ಎರಡು ವಿಕೆಟ್ ಕಿತ್ತ. 11 ರನ್ನಿನಿಂದ ಗೆದ್ದೆವು. ದಾವಣಗೆರೆಯಿಂದ ಭಾವನ ಮೆಸೇಜು ಬಂತು: "ನಾವು ಗೆದ್ವಿ ಕಣೋ!"

ಸಂಜೆ ಅಜ್ಜನ ಜೊತೆ ಗ್ರೀನ್ ಬೇಗೆ ಹೊರಟೆವು. ಆ ವರ್ಷದ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ಡ್ರಾಫ್ಟ್ ಅಲ್ಲೇ ಇತ್ತಲ್ಲ. ಅಜ್ಜನಿಗೆ 76. ಇಲ್ಲಿನ ಕಾಗದದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಫೋನಿನ ಆ್ಯಪ್‌ನಲ್ಲಿ ಪಾಸ್ ತೆಗೆದುಕೊಳ್ಳಲು ಬರದೆ ನನ್ನ ಮಗನ ಹತ್ತಿರ ಬಂದಿದ್ದರು. ಹನ್ನೊಂದು ವರ್ಷದ ಮಗ ಮೂವರಿಗೂ ತೆಗೆದುಬಿಟ್ಟ. ನನ್ನನ್ನು ಕೇಳಲೂ ಇಲ್ಲ.

ಡ್ರಾಫ್ಟ್ ಅಂದರೆ ನಮ್ಮ ಐಪಿಎಲ್ ಹರಾಜಿನ ಹಾಗೆ, ಆದರೆ ಹಣದ ಕೂಗಾಟ ಇಲ್ಲ. ಕಾಲೇಜು ಮುಗಿಸಿ ಬರುವ ಹುಡುಗರನ್ನು 32 ತಂಡಗಳು ಒಬ್ಬೊಬ್ಬರಾಗಿ ಆರಿಸುತ್ತವೆ. ಕಳೆದ ಸಲ ತೀರಾ ಕೆಟ್ಟದಾಗಿ ಆಡಿದವರಿಗೆ ಮೊದಲ ಸರದಿ. ಒಟ್ಟು ಏಳು ಸುತ್ತು, ಮೂರು ದಿನ. ಆರಿಸಿದ ಹುಡುಗನಿಗೆ "ಆ ಊರು ನನಗೆ ಬೇಡ" ಅನ್ನುವ ದಾರಿ ಹೆಚ್ಚುಕಡಿಮೆ ಇಲ್ಲ. ಇಷ್ಟನ್ನು ನೋಡಲು 1 ಲಕ್ಷ ಚಿಲ್ಲರೆ ಜನರ ಊರಿಗೆ ಮೂರು ದಿನದಲ್ಲಿ ಬಂದವರ ಲೆಕ್ಕ 6 ಲಕ್ಷ. ನಮ್ಮ ಕಡೆ ಜಾತ್ರೆಗೆ ಕೊನೇ ಪಕ್ಷ ತೇರಾದರೂ ಎಳೆಯುತ್ತಾರೆ. ಇಲ್ಲಿ ಒಬ್ಬರು ವೇದಿಕೆಗೆ ಬಂದು ಒಂದು ಹೆಸರು ಓದುತ್ತಾರೆ, ಅಷ್ಟೇ.

ಕಾರಿನಲ್ಲಿ ಸುಮ್ನೆ ಮಾತಿಗೆ ಅಂದೆ, "ಇವತ್ತು ಬೆಳಿಗ್ಗೆ ನಾವು ಗೆದ್ವಿ."

"ನಾವು ಅಂದ್ರೆ ಯಾರು?" ಅಂದರು ಅಜ್ಜ.

"ಬೆಂಗಳೂರು. ನಮ್ಮ ತಂಡ."

"ಅದರಲ್ಲಿ ನಿಮ್ಮ ಹುಡುಗರು ಎಷ್ಟು ಜನ?"

ಲೆಕ್ಕ ಹಾಕಿದೆ. ಕರ್ನಾಟಕಕ್ಕೆ ಆಡುವವರು ಪಡಿಕ್ಕಲ್, ಭಾಂಡಗೆ. "ಇಬ್ಬರು."

"ಮಾಲೀಕ ನಿಮ್ಮವನಾ?"

"ಒಂದು ವಿಸ್ಕಿ ಕಂಪನಿ."

ಅಜ್ಜ ಏನೂ ಅನ್ನಲಿಲ್ಲ. ನಾನೇ ಸುಮ್ಮನಿರಲಾರದೆ ಕೆ.ಎಲ್. ರಾಹುಲ್ ವಿಷಯ ತೆಗೆದೆ. ನಮ್ಮ ಹುಡುಗನೇ, ಹರಾಜಿನಲ್ಲಿ 14 ಕೋಟಿಗೆ ಡೆಲ್ಲಿ ಪಾಲಾದ. ಏಪ್ರಿಲ್ ಹತ್ತರಂದು ನಮ್ಮ ಮೈದಾನಕ್ಕೇ ಬಂದು ಔಟಾಗದೆ 93 ಹೊಡೆದ. ಆಮೇಲೆ ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು, ಇದು ನನ್ನ ಜಾಗ ಎನ್ನುವ ಹಾಗೆ ಬ್ಯಾಟ್ ಊರಿ ನಿಂತ. ಅದಕ್ಕೂ ಮುಂಚೆ ಸಿರಾಜ್. ಏಳು ವರ್ಷ ನಮಗೆ ಬೌಲಿಂಗ್ ಮಾಡಿದವನನ್ನು ಬಿಟ್ಟುಬಿಟ್ಟರು. ಗುಜರಾತಿನ ಅಂಗಿ ತೊಟ್ಟು ಬಂದು ನಮ್ಮ ಮೂರು ವಿಕೆಟ್ ತೆಗೆದ.

"ನಿಮ್ಮ ಹುಡುಗ ನಿಮ್ಮನ್ನ ಸೋಲಿಸಿದಾಗ ನಿನಗೆ ಬೇಜಾರಾಯ್ತಾ?"

"ಅರ್ಧ," ಅಂದೆ.

ಡಿ ಪೀರ್ ದಾಟುವವರೆಗೂ ನಗುತ್ತಲೇ ಇದ್ದರು.

ಅಜ್ಜನಿಗೆ ನಗುವ ಹಕ್ಕಿದೆ. ಅವರು ಗ್ರೀನ್ ಬೇಯ ಫುಟ್‌ಬಾಲ್ ತಂಡ ಪ್ಯಾಕರ್ಸ್‌ನ ಮಾಲೀಕರು. ತಮಾಷೆಯಲ್ಲ. ಆ ತಂಡ ಯಾವ ಸಾಹುಕಾರನದೂ ಅಲ್ಲ, 5 ಲಕ್ಷಕ್ಕೂ ಜಾಸ್ತಿ ಜನ ಷೇರುದಾರರಿದ್ದಾರೆ. ಅಜ್ಜ 1997ರಲ್ಲಿ 200 ಡಾಲರ್ ಕೊಟ್ಟು ಒಂದು ಷೇರು ಕೊಂಡರು. ಅದಕ್ಕೆ ಒಂದು ಪೈಸೆ ಲಾಭಾಂಶ ಇಲ್ಲ, ಹೊರಗಿನವರಿಗೆ ಮಾರುವ ಹಾಗೂ ಇಲ್ಲ. ಆ ಕಾಗದಕ್ಕೆ ಕಟ್ಟು ಹಾಕಿಸಿ ಮದುವೆ ಫೋಟೋದ ಪಕ್ಕ ತೂಗುಹಾಕಿದ್ದಾರೆ. ಹಾಗಾಗಿ ಅವರು "ನಾವು" ಅಂದರೆ ಅದಕ್ಕೆ ರಸೀದಿ ಇದೆ.

ಇನ್ನೊಂದು ಕಡೆ, ಆ ಮನುಷ್ಯ ಮಹಾ ಹಠಮಾರಿ. 1989ರ ಡ್ರಾಫ್ಟ್ ಇನ್ನೂ ಮರೆತಿಲ್ಲ. ಆಗ ಪ್ಯಾಕರ್ಸ್‌ಗೆ ಎರಡನೇ ಸರದಿ. ಟೋನಿ ಮ್ಯಾಂಡರಿಚ್ ಎಂಬ ಭಾರೀ ಆಳನ್ನು ತೆಗೆದುಕೊಂಡರು. ಅವನ ಹಿಂದೆ ಮುಂದೆ ಹೋದ ನಾಲ್ವರೂ, ಅಂದರೆ ಏಕ್‌ಮನ್, ಬ್ಯಾರಿ ಸ್ಯಾಂಡರ್ಸ್, ಡೆರಿಕ್ ಥಾಮಸ್, ಡಿಯಾನ್ ಸ್ಯಾಂಡರ್ಸ್, ಮಹಾನ್ ಆಟಗಾರರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ನಡುವಿನ ನಮ್ಮವನೊಬ್ಬ ಉಳಿದ. ಅಜ್ಜ ಇದನ್ನು ಹೇಳುವಾಗ ಐದು ಬೆರಳು ಎತ್ತಿ ಒಂದನ್ನು ಮಡಚುತ್ತಾರೆ. ನಾನು ಆ ಬೆರಳನ್ನು ಕಡಿಮೆ ಅಂದರೂ ಇಪ್ಪತ್ತು ಸಲ ನೋಡಿದ್ದೇನೆ.

ಅವರ ಹಠಕ್ಕೆ ಸೋತರೂ ಬುದ್ಧಿ ಬಂದಿಲ್ಲ. 2005ರಲ್ಲಿ ಚೆಂಡು ಎಸೆಯುವ ಮುಖ್ಯ ಜಾಗದಲ್ಲಿ ಬ್ರೆಟ್ ಫಾರ್ವ್ ಇರುವಾಗಲೇ 24ನೇ ಆಯ್ಕೆಯಲ್ಲಿ ಆರನ್ ರಾಜರ್ಸ್‌ನನ್ನು ತಂದಾಗ ಟಿವಿ ಆರಿಸಿ ಮಲಗಿದವರು ಇವರು. ಫಾರ್ವ್ ಮುಂದೆ ಬದ್ಧವೈರಿ ಮಿನ್ನೆಸೋಟಾಕ್ಕೆ ಹೋದಾಗ ಅವನ ಜೆರ್ಸಿಯಿಂದ ಗ್ಯಾರೇಜಿನಲ್ಲಿ ಎಣ್ಣೆ ಒರೆಸಿದರು. 2015ರಲ್ಲಿ ತಂಡ ಅವನನ್ನು ಕರೆದು ಗೌರವಿಸಿದಾಗ ಅದೇ ಜೆರ್ಸಿಯನ್ನು ಮೂರು ಸಲ ಒಗೆದರು. ಕಲೆ ಹೋಗಿಲ್ಲ, ನೋಡಿದ್ದೇನೆ. 2020ರಲ್ಲಿ ರಾಜರ್ಸ್ ಇರುವಾಗಲೇ ಜೋರ್ಡನ್ ಲವ್‌ನನ್ನು ತಂದಾಗಲೂ ಇದೇ ಕಥೆ. "ನಮಗೆ ಬೇಕಾದ್ದು ರಿಸೀವರ್! 2002ರಿಂದ ಮೊದಲ ಸುತ್ತಿನಲ್ಲಿ ಒಬ್ಬ ರಿಸೀವರ್ ತಗೊಂಡಿಲ್ಲ!" ರಿಸೀವರ್ ಅಂದರೆ ಎಸೆದ ಚೆಂಡನ್ನು ಓಡಿ ಹಿಡಿಯುವವನು. ಇದು ಬರೀ ಅವರದಲ್ಲ, ಇಡೀ ಊರಿನ ದೂರು. ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ಕೊಳ್ಳಲು ಹೋದರೂ ಈ ಮಾತು ಕಿವಿಗೆ ಬೀಳುತ್ತದೆ.

ಪ್ಯಾಕರ್ಸ್‌ನ ಲ್ಯಾಂಬೋ ಮೈದಾನದ ಹೊರಗೆ ಕಾಲಿಡಲು ಜಾಗವಿಲ್ಲ. 32 ತಂಡಗಳ ಅಂಗಿಗಳು. ತಲೆ ಮೇಲೆ ಹಳದಿ ಚೀಸಿನ ತುಂಡಿನಂಥ ಟೋಪಿ. ಸಸ್ಯಾಹಾರಿಯಾದ ನಾನು ಕರಿದ ಚೀಸ್ ಕರ್ಡ್ಸ್‌ನಲ್ಲೇ ಊಟ ಮುಗಿಸಿದೆ. ಟೆನ್ನೆಸ್ಸೀ ಮೊದಲು ಕ್ಯಾಮ್ ವಾರ್ಡ್‌ನನ್ನು ಆರಿಸಿತು. ಸುತ್ತ ನಿಂತವರಿಗೆ ಆ ಹುಡುಗರ ಎತ್ತರ, ತೂಕ, 40 ಗಜ ಎಷ್ಟು ಸೆಕೆಂಡಿನಲ್ಲಿ ಓಡುತ್ತಾರೆ ಎಲ್ಲ ಬಾಯಿಪಾಠ. ಹೆಣ್ಣು ನೋಡಲು ಹೋದವರೂ ಇಷ್ಟು ವಿಚಾರಿಸುವುದಿಲ್ಲ. ಡಿಯಾನ್ ಸ್ಯಾಂಡರ್ಸ್ ಮಗ ಶೆಡೂರ್ ಮೊದಲ ಸುತ್ತಿನಲ್ಲಿ ಹೋಗುತ್ತಾನೆ ಎಂದು ಎಲ್ಲರೂ ಹೇಳಿದ್ದರು. ಹೆಸರು ಬರುತ್ತಲೇ ಇಲ್ಲ. ಅಜ್ಜನ ಮುಖದಲ್ಲಿ ಸಣ್ಣ ಖುಷಿ. "ಆ ಮನೆತನದ ಜೊತೆ ನನಗೆ 1989ರಿಂದ ಲೆಕ್ಕ ಬಾಕಿ ಇದೆ," ಅಂದರು. ಆಗ ಡಿಯಾನ್‌ನನ್ನು ಬಿಟ್ಟವರು ಪ್ಯಾಕರ್ಸ್‌ನವರೇ. ಆ ಹುಡುಗ ಏನು ಮಾಡಿದ್ದಾನೆ ಪಾಪ? ಕೊನೆಗೆ ಅವನು ಶನಿವಾರ ಐದನೇ ಸುತ್ತಿನಲ್ಲಿ, 144ನೆಯವನಾಗಿ ಕ್ಲೀವ್‌ಲ್ಯಾಂಡಿಗೆ ಹೋದ. ಅಷ್ಟು ಹೊತ್ತು ದೇಶವೆಲ್ಲ ಅವನು ಕಾಯುವುದನ್ನೇ ಮಾತಾಡಿಕೊಂಡಿತು.

ರಾತ್ರಿ ಬಹಳ ಹೊತ್ತಾದ ಮೇಲೆ 23ನೇ ಸರದಿ ಬಂತು. ಪ್ಯಾಕರ್ಸ್‌ನ ಆಗಿನ ಅಧ್ಯಕ್ಷ ಮಾರ್ಕ್ ಮರ್ಫಿ ವೇದಿಕೆಗೆ ಬಂದರು. ಟೆಕ್ಸಸ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಗೋಲ್ಡನ್. ರಿಸೀವರ್! ಮೊದಲ ಸುತ್ತಿನಲ್ಲಿ, 23 ವರ್ಷ ಆದಮೇಲೆ. ನೆಲ ನಡುಗುವ ಹಾಗೆ ಕೂಗಿದರು. ಗುರುತಿಲ್ಲದವರು ನನ್ನನ್ನು ತಬ್ಬಿಕೊಂಡರು. ಮಗ ನನ್ನ ಜಾಕೆಟ್ ಜಗ್ಗುತ್ತ, "ಅಪ್ಪಾ, ನಾವು ರಿಸೀವರ್ ತಗೊಂಡ್ವಿ! ನಾವು ತಗೊಂಡ್ವಿ!" ಅನ್ನುತ್ತಿದ್ದ.

ಅಜ್ಜನ ಕಡೆ ತಿರುಗಿದೆ. ಕೈ ಕಟ್ಟಿಕೊಂಡು ನಿಂತಿದ್ದರು.

"ನಮಗೆ ಬೇಕಿದ್ದದ್ದು ಕಾರ್ನರ್‌ಬ್ಯಾಕ್," ಅಂದರು. ಅಂದರೆ ಎದುರಾಳಿಯ ರಿಸೀವರನ್ನು ತಡೆಯುವವನು.

ಆ ಮುಖ ಮೂರು ದಿನದಿಂದ ಕಣ್ಣ ಮುಂದೆ ಬರುತ್ತಿದೆ. ನೆನೆದಾಗಲೆಲ್ಲ ನಗು ಬರುತ್ತದೆ. ಶುಕ್ರವಾರ ರಾತ್ರಿ ಪಾತ್ರೆ ತೊಳೆಯುವಾಗಲೂ ಬಂತು. "ಏನು ಒಬ್ಬರೇ ನಗ್ತೀರಿ?" ಅಂದಳು ಹೆಂಡತಿ. ಅವಳಿಗೆ ಹೇಳಿದರೆ, "ಅತ್ತೆನೂ ಹಾಗೇ ಅಲ್ವಾ? ಮೂರು ವರ್ಷ ಮಿಕ್ಸಿ ಕೇಳಿದ್ರು, ಕೊಡಿಸಿದ ದಿನ ಗ್ರೈಂಡರ್ ಬೇಕಿತ್ತು ಅಂದ್ರು," ಅಂದಳು. ಅಮ್ಮನ ವಿಷಯಕ್ಕೆ ನಾನು ಹೋಗಲಿಲ್ಲ. ಆದರೆ ಮಾತು ಸರಿಯಿತ್ತು. ಇಪ್ಪತ್ತಮೂರು ವರ್ಷ ಸಾಕಿದ ದೂರನ್ನು ಒಂದು ರಾತ್ರಿಯಲ್ಲಿ ಕಿತ್ತುಕೊಂಡರೆ ಮನುಷ್ಯ ಏನು ಮಾಡಬೇಕು? ಆಡದ ಹುಡುಗನ ಮೇಲೆ ಎಷ್ಟು ಬೇಕಾದರೂ ಆಸೆ ಕಟ್ಟಬಹುದು. ಸೆಪ್ಟೆಂಬರಿನಲ್ಲಿ ಅವನು ಮೊದಲ ಚೆಂಡು ಕೈಬಿಡಲಿ, ಇದೇ ತಬ್ಬಿಕೊಂಡವರು ಬೈಯುತ್ತಾರೆ. ನಾನು ಸಿರಾಜ್‌ಗೆ ಏನೇನು ಬೈದಿದ್ದೆ ಅಂತ ನನಗೆ ಗೊತ್ತು. ಅವನು ಹೋದಮೇಲೆ "ನಮ್ಮ ಸಿರಾಜ್" ಆದ.

ನನ್ನನ್ನು ಹೆಚ್ಚು ಕೊರೆದದ್ದು ಕಾರಿನ ಪ್ರಶ್ನೆ. ನಾವು ಅಂದ್ರೆ ಯಾರು? ಮೊದಲು ಸಿಟ್ಟೇ ಬಂದಿತ್ತು. ಆದರೆ ನನ್ನ ಹತ್ತಿರ ಷೇರಿನ ಕಾಗದ ಇಲ್ಲವಲ್ಲ. ಚಿನ್ನಸ್ವಾಮಿಯೊಳಗೆ ಎರಡೇ ಸಲ ಕೂತಿದ್ದೇನೆ. ಅಪ್ಪ ಬ್ಯಾಂಕಿನಲ್ಲಿದ್ದರು. ವರ್ಗಾವಣೆ ಆದೇಶ ಬಂದಾಗಲೆಲ್ಲ ಸಾಗರ, ಬೀದರ್, ಹಾಸನ ಅಂತ ಹೋದೆವು. ಯಾವ ಊರನ್ನೂ ನಾವು ಆರಿಸಿದ್ದಲ್ಲ. ಇಲ್ಲಿಗೆ ಬಂದದ್ದೂ ಹಾಗೇ. ಹದಿಮೂರು ವರ್ಷದ ಹಿಂದೆ ಯಾರೋ ಮ್ಯಾನೇಜರ್ ಒಂದು ಪಟ್ಟಿಯಿಂದ ನನ್ನ ಹೆಸರು ಆರಿಸಿ ವಿಸ್ಕಾನ್ಸಿನ್ ಅಂದರು. ಅದು ಎಲ್ಲಿದೆ ಎಂದು ಆವತ್ತು ರಾತ್ರಿ ನಕಾಶೆಯಲ್ಲಿ ಹುಡುಕಿದ್ದೆ. ಗೋಲ್ಡನ್ ಕೂಡ ಟೆಕ್ಸಸ್‌ನ ಬಿಸಿಲಿನ ಹುಡುಗ. ಜನವರಿಯಲ್ಲಿ ಇಲ್ಲಿ ಮೂಗು ಉದುರುತ್ತದೆ ಎಂದು ಯಾರಾದರೂ ಹೇಳಿದ್ದಾರೋ ಇಲ್ಲವೋ.

ಆಮೇಲೆ ಶನಿವಾರ ಬೆಳಿಗ್ಗೆ ಹಲ್ಲುಜ್ಜುವಾಗ ಇನ್ನೊಂದು ಹೊಳೆಯಿತು. ಆ ರಾತ್ರಿ 20ನೇ ಸರದಿಯ ಹೊತ್ತಿಗೆ ನಾನು ಅಜ್ಜನಿಗೆ, "ಈಗ ನಾವು ಯಾರನ್ನ ತಗೋಬಹುದು?" ಅಂತ ಕೇಳಿದ್ದೆ. ನಾವು ಅಂದಿದ್ದೆ. ಅವರು ಏನೂ ಕೇಳಲಿಲ್ಲ. ಗಂಭೀರವಾಗಿ ಯೋಚಿಸಿ ಮೂರು ಹೆಸರು ಹೇಳಿದ್ದರು.

ಭಾನುವಾರ ಬೆಳಿಗ್ಗೆ ಆರ್‌ಸಿಬಿ ಡೆಲ್ಲಿಗೆ ಹೋಗಿ ಅವರನ್ನು ಸೋಲಿಸಿತು. ಮಧ್ಯಾಹ್ನ ಹಿತ್ತಲಿಗೆ ಹೋದರೆ ಅಜ್ಜ ಬೇಲಿಯ ಆ ಕಡೆ ಹುಲ್ಲು ಕತ್ತರಿಸುವ ಯಂತ್ರವನ್ನು ಮಗುಚಿ ಹಾಕಿಕೊಂಡು ಕೂತಿದ್ದರು. ಕೈಯಲ್ಲಿ ಹಸಿರು ಬಟ್ಟೆ ಇತ್ತು. ಯಾರ ಜೆರ್ಸಿ ಎಂದು ಬಗ್ಗಿ ನೋಡಿದೆ, ನಂಬರು ಕಾಣಲಿಲ್ಲ.

"ನಿನ್ನ ಹುಡುಗ ಏನಾದ?" ಅಂದರು.

"41 ಹೊಡೆದ. ನಾವು ಗೆದ್ವಿ."

"ಹಾಗಾದ್ರೆ ಅರ್ಧ ಖುಷಿ."

"ಇಲ್ಲ, ಈ ಸಲ ಪೂರ್ತಿ," ಅಂದೆ.

ತಲೆ ಆಡಿಸಿದರು. ಬ್ಲೇಡಿನ ಮಣ್ಣು ಒರೆಸುತ್ತ, ಗೋಲ್ಡನ್‌ನ ಕಾಲೇಜು ಆಟಗಳನ್ನು ನಿನ್ನೆ ರಾತ್ರಿ ಕೂತು ನೋಡಿದೆ, ಹುಡುಗ ಪರವಾಗಿಲ್ಲ ಅಂದರು. ಒಂದು ನಿಮಿಷ ಬಿಟ್ಟು ಮತ್ತೆ ಶುರು ಮಾಡಿದರು: "ಆದ್ರೆ ಕಾರ್ನರ್‌ಬ್ಯಾಕ್..."